ಇಂಜಿನ್ ಬಿಡಿ, ಬೋಲ್ಟು ನೋಡಿ

ಸೆಕೆಂಡ್ ಹ್ಯಾಂಡ್ ಸ್ಪ್ಲೆಂಡರ್ ಒಂದನ್ನು ನಾಲ್ಕು ಜನ ದುಡ್ಡು ಹಾಕಿ ತಂದು, 'ಅಣ್ಣಾ, ಇದನ್ನ ರೇಸಿಗೆ ರೆಡಿ ಮಾಡಿಕೊಡಿ' ಅನ್ನುವವರು ನನ್ನ ಗ್ಯಾರೇಜಿಗೆ ಈಗೀಗ ಜಾಸ್ತಿ ಬರುತ್ತಿದ್ದಾರೆ. ವಾರವೆಲ್ಲ ಲ್ಯಾಪ್‌ಟಾಪ್ ಮುಂದೆ ಕೂತು, ಶನಿವಾರ ಕೈಗೆ ಗ್ರೀಸ್ ಹತ್ತಿಸಿಕೊಳ್ಳುವ ಹುಡುಗ ಹುಡುಗಿಯರು. ಒಂದೇ ಗಾಡಿ, ನಾಲ್ಕು ಜನ, ಆರು ಗಂಟೆ. ಸರದಿ ಮೇಲೆ ಓಡಿಸಬೇಕು. ಟೈಮ್ ಮುಗಿದಾಗ ಯಾವ ಟೀಮಿನ ಲ್ಯಾಪ್, ಅಂದರೆ ಟ್ರ್ಯಾಕಿನ ಸುತ್ತು, ಜಾಸ್ತಿಯೋ ಅವರು ಗೆದ್ದರು. ಆಟ ಇಷ್ಟೇ.

ಬಂದವರೆಲ್ಲ ಮೊದಲು ಕೇಳುವುದೂ ಒಂದೇ. 'ಹೆಡ್ ಒಂಚೂರು ಮಿಲ್ಲಿಂಗ್ ಮಾಡಿಸಿಬಿಡಿ ಅಣ್ಣಾ, ಪಿಕಪ್ ಬರುತ್ತಂತೆ.' ಅಂದರೆ ಸಿಲಿಂಡರಿನ ಮುಚ್ಚಳ ಒಂಚೂರು ತರಿದು ಒಳಗಿನ ಒತ್ತಡ (ಕಂಪ್ರೆಶನ್) ಏರಿಸೋದು. ಆಮೇಲೆ ಸಿಲಿಂಡರಿನ ಬೋರ್ ದೊಡ್ಡದು ಮಾಡಿಸೋದು, ಸದ್ದು ಮಾಡುವ ಸೈಲೆನ್ಸರ್ ಹಾಕಿಸೋದು. ನಾನು ಬೇಡ ಅಂತೀನಿ. ಇಂಜಿನ್ ಕೆಲಸದಲ್ಲೇ ನಮ್ಮ ಮನೆ ನಡೆಯೋದು. ಆದರೂ ಬೇಡ ಅಂತೀನಿ.

ಯಾಕೆ ಅಂತ ಲೆಕ್ಕ ಹಾಕಿ ನೋಡಿ. 97.2 ಸಿಸಿ ಇಂಜಿನ್, ಸುಮಾರು 8 ಎಚ್‌ಪಿ. ಹೆಡ್ ಮಿಲ್ಲಿಂಗ್, ಪೋರ್ಟ್ (ಇಂಜಿನ್ನಿಗೆ ಗಾಳಿ ಹೋಗಿ ಬರುವ ದಾರಿ) ಕೆಲಸ ಎಲ್ಲ ಮಾಡಿ ಅರ್ಧ ಎಚ್‌ಪಿ ಹೆಚ್ಚಿಸಿದೆವು ಅಂದುಕೊಳ್ಳಿ. ಶೇ 6ರಷ್ಟು ಆಯಿತು. ಆದರೆ ವೇಗ ಏರಿದಂತೆ ಗಾಳಿ ಸುಮ್ನೆ ಬಿಡೋದಿಲ್ಲ. ಗಾಳಿ ಸೀಳಲು ಬೇಕಾದ ಶಕ್ತಿ ವೇಗದ ಘನದ ಲೆಕ್ಕದಲ್ಲಿ ಏರುತ್ತದೆ. ಟಾಪ್ ಸ್ಪೀಡ್ ಶೇ 10 ಏರಬೇಕಾದರೆ ಶಕ್ತಿ ಶೇ 33 ಏರಬೇಕು. ಅಂದರೆ ನಿಮ್ಮ ಅರ್ಧ ಎಚ್‌ಪಿಗೆ ಸಿಗೋದು ಶೇ 2. ಗಂಟೆಗೆ 90 ಕಿ.ಮೀ. ಹೋಗುತ್ತಿದ್ದ ಗಾಡಿ 92ನ್ನೂ ಮುಟ್ಟುವುದಿಲ್ಲ. ಅದೂ ಉದ್ದ ನೇರ ದಾರಿ ಸಿಕ್ಕರೆ.

ಈಗ ಇನ್ನೊಂದು ಲೆಕ್ಕ. ಚಿಕ್ಕ ಟ್ರ್ಯಾಕಿನಲ್ಲಿ ಒಂದು ಲ್ಯಾಪಿಗೆ 70 ಸೆಕೆಂಡ್ ಹಿಡಿಯಿತು ಅನ್ನಿ. ಆರು ಗಂಟೆಗೆ 300ಕ್ಕೂ ಸ್ವಲ್ಪ ಜಾಸ್ತಿ ಲ್ಯಾಪ್. ಪ್ರತಿ ಲ್ಯಾಪಿಗೆ ಒಂದು ಸೆಕೆಂಡ್ ಉಳಿಸಿದರೆ ಇಡೀ ರೇಸಿಗೆ ಉಳಿಯೋದು ಐದು ನಿಮಿಷ. ಒಂದು ಸಲ ಬಿದ್ದು, ಕ್ಲಚ್ ಲಿವರ್ ಮುರಿದು, ಗಾಡಿ ತಳ್ಳಿಕೊಂಡು ಪಿಟ್ಟಿಗೆ (ಟ್ರ್ಯಾಕ್ ಪಕ್ಕದ ರಿಪೇರಿ ಜಾಗಕ್ಕೆ) ಬಂದು, ಹೊಸ ಲಿವರ್ ಹಾಕಿ ಹೊರಡುವಷ್ಟರಲ್ಲಿ ಆ ಐದು ನಿಮಿಷ ಹೋಯಿತು. ಜೊತೆಗೆ ಇನ್ನೊಂದಿಷ್ಟು ನಿಮಿಷಾನೂ. ಹೆಡ್ ಗ್ಯಾಸ್ಕೆಟ್ ಹೋದರೆ ಮಾತೇ ಬೇಡ.

ರೋಡಲ್ಲಿ ಓಡುವ ಗಾಡಿ ಫುಲ್ ಥ್ರಾಟಲ್ ನೋಡೋದೇ ಅಪರೂಪ. ಸಿಗ್ನಲ್, ಹಂಪ್, ಮುಂದೊಂದು ಬಿಎಂಟಿಸಿ ಬಸ್ಸು. ರೇಸಿನಲ್ಲಿ ಅದೇ ಇಂಜಿನ್ ಹೆಚ್ಚು ಕಮ್ಮಿ ಇಡೀ ದಿನ ಕಿವಿ ಹಿಂಡಿಸಿಕೊಂಡೇ ಇರುತ್ತದೆ. ಇದಕ್ಕೆ ರೇಡಿಯೇಟರ್ ಇಲ್ಲ, ಬರೀ ಗಾಳಿಯಿಂದ ತಣ್ಣಗಾಗಬೇಕು. ಒಳಗಿರುವ ಆಯಿಲ್ ಒಂದು ಲೀಟರ್ ಒಳಗೇ. ಇಂಥ ಇಂಜಿನ್ನಿನಲ್ಲಿ ಕಂಪ್ರೆಶನ್ ಏರಿಸಿದರೆ ಏರೋದು ಶಾಖ. ಅದಕ್ಕೇ ನಾನು ಇಂಜಿನ್ನಿಗೆ ಮಾಡೋದು ಇಷ್ಟೇ: ಹೊಸ ರಿಂಗ್, ವಾಲ್ವ್ ಲ್ಯಾಪಿಂಗ್ (ವಾಲ್ವ್ ಸರಿಯಾಗಿ ಮುಚ್ಚುವಂತೆ ಉಜ್ಜೋದು), ಟ್ಯಾಪೆಟ್ ಗ್ಯಾಪ್ ಫೀಲರ್ ಗೇಜಿನಲ್ಲಿ ಸರಿಯಾಗಿ ಇಡೋದು, ಒಳ್ಳೆ ಆಯಿಲ್, ಹೊಸ ಕ್ಲಚ್ ಪ್ಲೇಟ್. ಕಂಪನಿ ಕೊಟ್ಟ ಸ್ಥಿತಿಗೆ ವಾಪಸ್ ತರೋದು. ಅದರಾಚೆಗೆ ಕೈ ಹಾಕೋದಿಲ್ಲ.

ಬೆಂಗಳೂರಿನವರು ಮರೆಯುವ ಒಂದು ವಿಷಯ ಇದೆ. ನಮ್ಮೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿಯ ಗಾಳಿ ಹೆಚ್ಚು ಕಮ್ಮಿ ಶೇ 10ರಷ್ಟು ತೆಳು. ಕಾರ್ಬುರೇಟರ್ ಗಾಡಿಯನ್ನು ಇಲ್ಲಿ ಟ್ಯೂನ್ ಮಾಡಿ, ಟಾಟಾ ಏಸ್‌ನಲ್ಲಿ ಹಾಕಿಕೊಂಡು, ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕಿಗೆ ಇಳಿದರೆ ಅಲ್ಲಿ ಗಾಳಿ ದಪ್ಪ. ಕಾರ್ಬುರೇಟರಿನಲ್ಲಿ ಪೆಟ್ರೋಲ್ ಬಿಡುವ ಜೆಟ್ ಮಾತ್ರ ಇಲ್ಲಿಯದೇ. ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. ಅಲ್ಲಿಯ ಸೆಖೆ ಗಾಳಿಯನ್ನು ಸ್ವಲ್ಪ ತೆಳು ಮಾಡುತ್ತದೆ ನಿಜ, ಪೂರ್ತಿ ಅಲ್ಲ. ಫೋರ್ ಸ್ಟ್ರೋಕ್ ಗಾಡಿ ಇದನ್ನು ಒಂದಷ್ಟು ಹೊತ್ತು ಸಹಿಸುತ್ತದೆ. ಹಳೆ ಟೂ ಸ್ಟ್ರೋಕ್ ಯಮಹಾ ಆರ್‌ಎಕ್ಸ್ 100 ತಗೊಂಡು ಹೋದವರಿಗೆ ಮಾತ್ರ ಆ ಭಾಗ್ಯ ಇಲ್ಲ. ಪೆಟ್ರೋಲಿಗೇ ಆಯಿಲ್ ಬೆರೆಸಿ ಓಡಿಸುವ ಟೂ ಸ್ಟ್ರೋಕಿನಲ್ಲಿ ಪೆಟ್ರೋಲ್ ಜೊತೆಗೇ ಆಯಿಲ್ ಬರೋದು. ಪೆಟ್ರೋಲ್ ಕಮ್ಮಿಯಾದರೆ ಆಯಿಲೂ ಕಮ್ಮಿ, ಶಾಖ ಜಾಸ್ತಿ. ಉದ್ದ ನೇರ ದಾರಿಯ ಕೊನೆಯಲ್ಲಿ ಪಿಸ್ಟನ್ ಹಿಡಿದುಕೊಂಡು ಹಿಂದಿನ ಚಕ್ರ ಲಾಕ್ ಆಗುತ್ತದೆ.

ಪೆಟ್ರೋಲ್ ಕಮ್ಮಿ ಬರುತ್ತಿದೆಯಾ ಅಂತ ಕಂಡುಹಿಡಿಯುವುದು ಕಷ್ಟ ಅಲ್ಲ. ಪ್ರಾಕ್ಟೀಸಿನಲ್ಲಿ ಹೊಸ ಸ್ಪಾರ್ಕ್ ಪ್ಲಗ್ ಹಾಕಿ ಕೆಲವು ಲ್ಯಾಪ್ ಓಡಿಸಿ. ಕೊನೆಗೆ ಫುಲ್ ಥ್ರಾಟಲ್‌ನಲ್ಲಿ ಇರುವಾಗಲೇ ಕ್ಲಚ್ ಹಿಡಿದು ಇಂಜಿನ್ ಆಫ್ ಮಾಡಿ, ಉರುಳಿಕೊಂಡು ಪಿಟ್ಟಿಗೆ ಬನ್ನಿ. ಪ್ಲಗ್ ಬಿಚ್ಚಿ ನೋಡಿ. ಒಳಗಿನ ಪಿಂಗಾಣಿ ಕಾಫಿ ಬಣ್ಣಕ್ಕಿದ್ದರೆ ಸರಿ. ಬಿಳಿಚಿಕೊಂಡಿದ್ದರೆ ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕಿ. ಐಡ್ಲಿಂಗ್‌ನಲ್ಲಿ ಒಳಗೆ ಬಂದು ಪ್ಲಗ್ ನೋಡಿದರೆ ಪ್ರಯೋಜನ ಇಲ್ಲ. ಅದು ಐಡ್ಲಿಂಗ್‌ನ ಕಥೆ ಹೇಳುತ್ತದೆ ಅಷ್ಟೇ. 2020ರ ಏಪ್ರಿಲ್ ನಂತರದ ಬಿಎಸ್ 6 ಗಾಡಿಗಳಲ್ಲಿ ಹೆಚ್ಚಿನವಕ್ಕೆ ಈ ಚಿಂತೆ ಇಲ್ಲ. ಫ್ಯೂಯೆಲ್ ಇಂಜೆಕ್ಷನ್ ತಾನೇ ನೋಡಿಕೊಳ್ಳುತ್ತದೆ.

ಇನ್ನು ಬೋಲ್ಟು. ನನ್ನ ಪ್ರಕಾರ ರೇಸ್ ಗೆಲ್ಲೋದು ಇಲ್ಲೇ. ಸಿಂಗಲ್ ಸಿಲಿಂಡರ್ ಇಂಜಿನ್ ಇಡೀ ದಿನ ಹೈ ಆರ್‌ಪಿಎಂನಲ್ಲಿ ಅದುರಿದರೆ ನಟ್ಟು ಬೋಲ್ಟು ತಾನಾಗೇ ಸಡಿಲ ಆಗುತ್ತದೆ. ಸೈಲೆನ್ಸರ್ ನಟ್ಟು, ಹಿಂದಿನ ಸ್ಪ್ರಾಕೆಟ್ (ಚೈನಿನ ಹಲ್ಲುಚಕ್ರ) ಬೋಲ್ಟು, ಫುಟ್‌ರೆಸ್ಟ್, ಇಂಜಿನ್ ಮೌಂಟಿಂಗ್. ಎಲ್ಲಕ್ಕಿಂತ ಡೇಂಜರ್ ಆಯಿಲ್ ಡ್ರೇನ್ ಬೋಲ್ಟು. ಅದು ಬಿದ್ದರೆ ಆಯಿಲ್ ನಿಮ್ಮದೇ ಹಿಂದಿನ ಟಯರಿಗೆ ಬರುತ್ತದೆ, ನಿಮ್ಮ ಹಿಂದೆ ಬರುವವರೂ ಸಾಲಾಗಿ ಬೀಳುತ್ತಾರೆ. ಅದಕ್ಕೇ ತಂತಿ ಲಾಕ್ ಮಾಡಬೇಕು. ಬೋಲ್ಟಿನ ತಲೆಗೆ ಒಂದು ಮೂಲೆಯಿಂದ ಸಣ್ಣ ತೂತು ಹೊಡೆಯಬೇಕು. ಒಂದೂವರೆ ಎಂಎಂ ಡ್ರಿಲ್ ಬಿಟ್ ಬಹಳ ಸೂಕ್ಷ್ಮ, ಅವಸರ ಮಾಡಿದರೆ ಒಳಗೇ ಮುರಿಯುತ್ತದೆ. ಮೊದಲು ಸೆಂಟರ್ ಪಂಚ್, ಆಮೇಲೆ ಎರಡು ತೊಟ್ಟು ಆಯಿಲ್, ಸ್ವಲ್ಪ ಸ್ವಲ್ಪ ಹೊಡೆದು ಬಿಟ್ ಹೊರಗೆ ತೆಗೆದು ಚೂರು ಊದಬೇಕು. ತೂತಿನಲ್ಲಿ ಸ್ಟೇನ್‌ಲೆಸ್ ಸ್ಟೀಲ್ ತಂತಿ ಹಾಕಿ, ಜಡೆ ಹೆಣೆದಂಗೆ ತಿರುಚಿ, ಇಂಜಿನ್ನಿನ ಗಟ್ಟಿ ಜಾಗಕ್ಕೆ ಕಟ್ಟಬೇಕು. ಬೋಲ್ಟು ಬಿಚ್ಚುವ ದಿಕ್ಕಿಗೆ ತಿರುಗಿದರೆ ತಂತಿ ಬಿಗಿಯಬೇಕು. ಉಲ್ಟಾ ಕಟ್ಟಿದವರನ್ನು ಬೇಕಾದಷ್ಟು ನೋಡಿದ್ದೀನಿ. ನೋಡೋಕೆ ಚೆಂದ, ಕೆಲಸಕ್ಕೆ ಬರೋದಿಲ್ಲ.

ಮಿಕ್ಕ ನಟ್ಟುಗಳಿಗೆಲ್ಲ ಪೇಂಟ್ ಮಾರ್ಕರ್ ಸಾಕು. ಬಿಗಿ ಮಾಡಿದ ಮೇಲೆ ನಟ್ಟಿನಿಂದ ಗಾಡಿಯ ಬಾಡಿವರೆಗೆ ಒಂದು ಹಳದಿ ಗೆರೆ ಎಳೆಯಿರಿ. ಪಿಟ್ಟಿಗೆ ಬಂದಾಗ ಸ್ಪ್ಯಾನರ್ ಬೇಡ, ಕಣ್ಣು ಸಾಕು. ಗೆರೆ ಮುರಿದಿದ್ದರೆ ನಟ್ಟು ತಿರುಗಿದೆ ಅಂತ ಅರ್ಥ. ಕ್ಲಚ್, ಬ್ರೇಕ್ ಲಿವರಿನ ತುದಿಯ ಉಂಡೆಗಿಂತ ಸ್ವಲ್ಪ ಹಿಂದೆ ಫೈಲಿನಲ್ಲಿ ಸಣ್ಣ ಕಚ್ಚು ಹಾಕಿ. ಬಿದ್ದರೆ ತುದಿ ಮಾತ್ರ ಮುರಿಯುತ್ತದೆ. ಉಳಿದದ್ದರಲ್ಲಿ ಎರಡು ಬೆರಳು ಇಟ್ಟು ಓಡಿಸಬಹುದು, ಪಿಟ್ಟಿಗೆ ಬರೋದೇ ಬೇಡ. ಕ್ಲಚ್ ವೈರ್, ಆಕ್ಸಿಲರೇಟರ್ ವೈರ್ ಒಂದೊಂದು ಸ್ಪೇರ್ ಇರಲಿ. ಬೆಂಗಳೂರಿನ ಜೆ.ಸಿ. ರೋಡಿನ ಸ್ಪೇರ್ ಪಾರ್ಟ್ಸ್ ಅಂಗಡಿಗಳಲ್ಲಿ ಎಲ್ಲ ಸಿಗುತ್ತದೆ. ಆದರೆ ರೇಸಿನ ದಿನ ಜೆ.ಸಿ. ರೋಡ್ ನಿಮ್ಮ ಜೊತೆ ಬರೋದಿಲ್ಲ.

ಡ್ರಮ್ ಬ್ರೇಕ್ ಇದ್ದರೆ ಮುಂದೆ ಹೊಸ ಶೂ ಹಾಕಿ, ರೋಡಲ್ಲಿ ಒಂದಷ್ಟು ಓಡಿಸಿ ಕೂರಿಸಿಕೊಂಡು ಬನ್ನಿ. ಕಾದರೆ ಹಿಡಿತ ಕಮ್ಮಿ ಆಗುತ್ತದೆ, ಶೂ ಸವೆದಂತೆ ಲಿವರ್ ಸಡಿಲ ಆಗುತ್ತದೆ. ಪ್ರತಿ ಸಲ ಒಳಗೆ ಬಂದಾಗ ಅಡ್ಜಸ್ಟರ್ ಅರ್ಧ ಸುತ್ತು ತಿರುಗಿಸುವ ಕೆಲಸ ಒಬ್ಬರಿಗೆ ಖಾಯಂ ಕೊಟ್ಟುಬಿಡಿ.

ದುಡ್ಡು ಖರ್ಚು ಮಾಡಲೇಬೇಕು ಅನ್ನುವವರು ಸ್ಪ್ರಾಕೆಟ್‌ಗೆ ಮಾಡಿ. ಮುಂದೆ 14, ಹಿಂದೆ 42 ಹಲ್ಲು ಇದ್ದರೆ ಅನುಪಾತ 3. ಮುಂದಿನದು 13 ಆದರೆ 3.23, ಅಂದರೆ ಎಳೆತ ಜಾಸ್ತಿ. ಮುಂದೆ ಒಂದು ಹಲ್ಲು ಕಮ್ಮಿ ಮಾಡೋದೂ ಹಿಂದೆ ಮೂರು ಹಲ್ಲು ಜಾಸ್ತಿ ಮಾಡೋದೂ ಹತ್ತಿರ ಹತ್ತಿರ ಒಂದೇ. ಕಾರ್ಟಿಂಗ್ ಟ್ರ್ಯಾಕಿನ ಗಿಡ್ಡ ತಿರುವುಗಳಲ್ಲಿ ಕೆಲವು ನೂರು ರೂಪಾಯಿಯ ಈ ಸಾಮಾನು, ಸಾವಿರಾರು ರೂಪಾಯಿಯ ಇಂಜಿನ್ ಕೆಲಸಕ್ಕಿಂತ ಜಾಸ್ತಿ ಕೊಡುತ್ತದೆ.

ಓಡಿಸೋದರ ಬಗ್ಗೆ ನಾನು ಜಾಸ್ತಿ ಹೇಳುವವನಲ್ಲ, ಅದಕ್ಕೆ ಕೋಚ್‌ಗಳಿದ್ದಾರೆ. ಒಂದೇ ಮಾತು. ತಿರುವಿನಲ್ಲಿ ಗಂಟೆಗೆ 5 ಕಿ.ಮೀ. ವೇಗ ಕಳೆದುಕೊಂಡರೆ ದೊಡ್ಡ ಬೈಕ್ ಥ್ರಾಟಲ್ ತಿರುವಿದ ಕ್ಷಣಕ್ಕೆ ವಾಪಸ್ ತರುತ್ತದೆ. 8 ಎಚ್‌ಪಿ ಗಾಡಿಗೆ ಸುಮಾರು ಒಂದು ಸೆಕೆಂಡ್ ಬೇಕು. ಬ್ರೇಕ್ ಬೇಗ ಬಿಡೋದು ಕಲಿಯಿರಿ. ನೇರ ದಾರಿಯಲ್ಲಿ ಇನ್ನೊಂದು ಗಾಡಿಯ ಹಿಂದೆ ಅಂಟಿಕೊಂಡರೆ ಗಾಳಿಯ ಭಾರ ಅವರದು, ಲಾಭ ನಿಮ್ಮದು.

ಪೆಟ್ರೋಲ್ ವಿಷಯಕ್ಕೆ ಬರೋಣ. ರೋಡಲ್ಲಿ ಲೀಟರಿಗೆ 60 ಕೊಡುವ ಗಾಡಿ ಟ್ರ್ಯಾಕಲ್ಲಿ 30ಕ್ಕೆ ಇಳಿದರೆ ಆಶ್ಚರ್ಯ ಇಲ್ಲ. ಹಂಗಿದ್ದರೂ ಗಂಟೆಗೆ ಹೆಚ್ಚು ಕಮ್ಮಿ ಎರಡು ಲೀಟರ್. 9.8 ಲೀಟರ್ ಟ್ಯಾಂಕ್ ತುಂಬಿದ್ದರೆ ಆರು ಗಂಟೆಗೆ ಒಂದೇ ಸಲ ಹಾಕಿದರೆ ಸಾಕು. ಅಂದರೆ ಪಿಟ್ಟಿಗೆ ಕರೆಯೋದು ಟ್ಯಾಂಕ್ ಅಲ್ಲ, ನಿಮ್ಮ ಮೈ. ಪೆಟ್ರೋಲ್ ಹಾಕುವಾಗ ಇಂಜಿನ್ ಆಫ್, ಓಡಿಸುವವರು ಕೆಳಗೆ, ಪಕ್ಕದಲ್ಲಿ ಒಬ್ಬರು ಫೈರ್ ಎಕ್ಸ್‌ಟಿಂಗ್ವಿಶರ್ ಪಿನ್ ತೆಗೆದು ಹಿಡಿದಿರಬೇಕು. ಆ ಹೊತ್ತಿನಲ್ಲಿ ಸ್ಪ್ಯಾನರ್ ಮುಟ್ಟಬಾರದು. ಕಾದ ಸೈಲೆನ್ಸರ್ ಮೇಲೆ ಒಂದು ಲೋಟ ಪೆಟ್ರೋಲ್ ಚೆಲ್ಲಿದರೆ ಏನಾಗುತ್ತೆ ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ.

ಸರದಿ ಒಂದು ಗಂಟೆ ಮೀರಬಾರದು ಅನ್ನೋದು ನನ್ನ ಅಭಿಪ್ರಾಯ. ಫ್ರಾನ್ಸಿನಲ್ಲಿ 1922ರಲ್ಲಿ ಶುರುವಾದ ಬೋಲ್ ದೋರ್ ರೇಸಿನಲ್ಲಿ ಮೊದಮೊದಲು ಒಬ್ಬನೇ 24 ಗಂಟೆ ಓಡಿಸುತ್ತಿದ್ದ. ಆ ಕಾಲದವರ ಎಲುಬು ಬೇರೆ. ಲೆದರ್ ಸೂಟಿನೊಳಗೆ ಒಂದು ಗಂಟೆ ಬೆಂದರೆ ಗಮನ ತಪ್ಪುತ್ತದೆ, ಕೊನೆಯ ಹತ್ತು ನಿಮಿಷದಲ್ಲೇ ಜಾಸ್ತಿ ಜನ ಬೀಳೋದು. ಇಳಿದ ತಕ್ಷಣ ಓಆರ್‌ಎಸ್ ಅಥವಾ ಎಳನೀರು. ಊಟಕ್ಕೆ ಮೊಸರನ್ನ. ಬಿರಿಯಾನಿ ರೇಸ್ ಮುಗಿದ ಮೇಲೆ.

ಪ್ರಾಕ್ಟೀಸ್ ಎಲ್ಲಿ ಅನ್ನೋದು ಮುಂದಿನ ಪ್ರಶ್ನೆ. ಭಾನುವಾರ ಬೆಳಗ್ಗೆ ನಂದಿ ಬೆಟ್ಟದ ರೋಡ್ ಅನ್ನುವವರ ಗಾಡಿ ನಾನು ಮುಟ್ಟೋದಿಲ್ಲ. ರೋಡಲ್ಲಿ ರೇಸ್ ಮಾಡೋದು ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ ಅಪರಾಧ. 2019ರ ತಿದ್ದುಪಡಿಯಲ್ಲಿ ಅದರ ದಂಡ 500ರಿಂದ 5,000 ರೂಪಾಯಿಗೆ ಏರಿದೆ, ಜೈಲೂ ಉಂಟು. ಬಾಗಲೂರು ಕಡೆಯ ಮೇಕೋ ಕಾರ್ಟೋಪಿಯಾ ಥರದ ಕಾರ್ಟಿಂಗ್ ಟ್ರ್ಯಾಕ್‌ಗಳನ್ನು ಕೇಳಿ ನೋಡಿ. ದೊಡ್ಡದು ಬೇಕಾದರೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಇದೆ, 2.1 ಕಿ.ಮೀ. ಸಣ್ಣ ಗಾಡಿಗೆ ಹೇಳಿ ಮಾಡಿಸಿದ್ದು. ಇರುಂಗಾಟ್ಟುಕೋಟೈ 3.7 ಕಿ.ಮೀ., 100 ಸಿಸಿಗೆ ಅದರ ನೇರ ದಾರಿ ಸ್ವಲ್ಪ ಬೋರು. ಅಧಿಕೃತ ರೇಸಿಗೆ ಎಫ್‌ಎಂಎಸ್‌ಸಿಐ (ದೇಶದ ಮೋಟಾರ್ ಸ್ಪೋರ್ಟ್ಸ್ ಒಕ್ಕೂಟ) ಲೈಸೆನ್ಸ್ ಮಾಡಿಸಿಕೊಳ್ಳಿ. ಇನ್ನೊಂದು, ನಿಮ್ಮ ಮಾಮೂಲಿ ಗಾಡಿ ಇನ್ಶೂರೆನ್ಸ್ ರೇಸಿಗೆ ಅನ್ವಯಿಸೋದಿಲ್ಲ. ಪಾಲಿಸಿಯಲ್ಲೇ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ.

ಕೊನೆಗೆ ದುಡ್ಡಿನ ವಿಷಯ. ಟೀಮುಗಳು ಒಡೆಯೋದು ಇಲ್ಲೇ. ಬಿದ್ದವರೇ ರಿಪೇರಿ ಖರ್ಚು ಕೊಡಬೇಕು ಅಂತ ಕೆಲವರು ರೂಲ್ಸ್ ಮಾಡಿಕೊಳ್ಳುತ್ತಾರೆ. ನಾನು ಇದಕ್ಕೆ ವಿರೋಧಿ. ಹಂಗೆ ಮಾಡಿದರೆ ಬಿದ್ದವರು ಹೇಳೋದೇ ಇಲ್ಲ. 'ಸುಮ್ನೆ ಸ್ವಲ್ಪ ಜಾರಿತು' ಅಂದು ಗಾಡಿ ಮುಂದಿನವರ ಕೈಗೆ ಕೊಡುತ್ತಾರೆ. ಬಗ್ಗಿದ ಫುಟ್‌ರೆಸ್ಟು, ಬಿರುಕು ಬಿಟ್ಟ ಲಿವರು ಮುಂದಿನವರಿಗೆ ಗೊತ್ತಾಗೋದು ತಿರುವಿನ ಮಧ್ಯೆ. ನಾಲ್ಕು ಜನ ಸಮವಾಗಿ ಹಂಚಿಕೊಳ್ಳಿ, ಗಾಡಿ ತರುವ ದಿನವೇ ವಾಟ್ಸಾಪ್ ಗ್ರೂಪಿನಲ್ಲಿ ಬರೆದು ಪಿನ್ ಮಾಡಿ. ಟಯರ್, ಟ್ರ್ಯಾಕ್ ಫೀಸು, ಟಾಟಾ ಏಸ್ ಬಾಡಿಗೆ, ನನ್ನ ಕೂಲಿ, ಎಲ್ಲಾನೂ ಅದೇ ಲೆಕ್ಕಕ್ಕೆ.