ಉಗುರಿನ ಮೇಲಿನ ಬಿಳಿ ಚುಕ್ಕೆ ಕ್ಯಾಲ್ಸಿಯಂ ಕೊರತೆಯ ಗುರುತೇ?

ಪ್ರಶ್ನೆ: ನನ್ನ ಕೈಬೆರಳಿನ ಉಗುರುಗಳ ಮೇಲೆ ಆಗಾಗ ಸಣ್ಣ ಬಿಳಿ ಚುಕ್ಕೆಗಳು ಮೂಡುತ್ತವೆ. ಕ್ಯಾಲ್ಸಿಯಂ ಕಡಿಮೆಯಾದರೆ ಹೀಗಾಗುತ್ತದೆ ಎಂದು ಹಲವರು ಹೇಳುತ್ತಾರೆ. ನಾನು ಮಾತ್ರೆ ಸೇವಿಸಬೇಕೇ?

ಉತ್ತರ: ಈ ಚುಕ್ಕೆಗಳ ಕಾರಣಕ್ಕಾಗಿ ಮಾತ್ರೆ ಸೇವಿಸುವ ಅಗತ್ಯವಿಲ್ಲ. ಉಗುರು ಮುಖ್ಯವಾಗಿ ಕೆರಾಟಿನ್ ಎಂಬ ಪ್ರೋಟೀನಿನಿಂದ ಆದದ್ದು. ಅದರಲ್ಲಿರುವ ಕ್ಯಾಲ್ಸಿಯಂ ಅತ್ಯಲ್ಪ. ಜಿಂಕ್ ಕೊರತೆಯಿಂದ ಚುಕ್ಕೆ ಬರುತ್ತದೆ ಎಂಬ ಮಾತೂ ಬಹಳ ಪ್ರಚಾರದಲ್ಲಿದೆ, ಆದರೆ ಆರೋಗ್ಯವಂತರ ಉಗುರಿನಲ್ಲಿ ಅಲ್ಲೊಂದು ಇಲ್ಲೊಂದು ಕಾಣುವ ಚುಕ್ಕೆಗಳಿಗೆ ಅದನ್ನು ಕಾರಣವೆನ್ನಲು ಗಟ್ಟಿಯಾದ ಆಧಾರವಿಲ್ಲ.

ನಿಜವಾದ ಕಾರಣ ಹೆಚ್ಚಾಗಿ ಉಗುರಿನ ಬೇರಿಗೆ ಬಿದ್ದ ಸಣ್ಣ ಪೆಟ್ಟು. ಬುಡದ ಚರ್ಮದ ಅಡಿಯಲ್ಲಿ ಅಡಗಿರುವ ಈ ಬೇರಿನಲ್ಲಿ ಹುಟ್ಟುವ ಜೀವಕೋಶಗಳು ತಮ್ಮ ಕೋಶಕೇಂದ್ರವನ್ನು (ನ್ಯೂಕ್ಲಿಯಸ್) ಕಳೆದುಕೊಂಡು, ಚಪ್ಪಟೆಯಾಗಿ, ಗಟ್ಟಿಯಾಗಿ, ಪಾರದರ್ಶಕವಾದ ಉಗುರಾಗುತ್ತವೆ. ಕೆಳಗಿನ ರಕ್ತನಾಳಗಳ ಬಣ್ಣ ಅದರ ಮೂಲಕ ಕಾಣುವುದರಿಂದಲೇ ಉಗುರು ನಸುಗೆಂಪಾಗಿ ತೋರುತ್ತದೆ. ಬೇರಿಗೆ ಪೆಟ್ಟಾದಾಗ ಆ ಭಾಗದ ಕೆಲವು ಕೋಶಗಳು ಪೂರ್ತಿ ಪಕ್ವವಾಗದೆ, ಕೋಶಕೇಂದ್ರವನ್ನು ಉಳಿಸಿಕೊಂಡೇ ಹೊರಬರುತ್ತವೆ, ಮತ್ತು ಬೆಳಕನ್ನು ಒಳಬಿಡದೆ ಚದುರಿಸುವುದರಿಂದ ಅಲ್ಲಿ ಬಿಳಿ ಕಲೆ ಕಾಣುತ್ತದೆ. ಉಗುರು ಕಚ್ಚುವುದು, ಬುಡದ ಪೊರೆಯನ್ನು ಒತ್ತಿ ಹಿಂದಕ್ಕೆ ಸರಿಸುವುದು, ಮೇಜನ್ನು ಬೆರಳಿನಿಂದ ಬಡಿಯುತ್ತಿರುವುದು, ಇಷ್ಟೇ ಸಾಕು. ಮಕ್ಕಳಲ್ಲಿ ಚುಕ್ಕೆ ಹೆಚ್ಚು ಕಾಣುವುದು ಸಹಜವೇ.

ಇಷ್ಟು ಸರಳವಾದ ಕಾರಣ ನಮಗೆ ಹೊಳೆಯದಿರುವುದಕ್ಕೆ ಉಗುರಿನ ನಿಧಾನಗತಿಯೇ ಕಾರಣವೆಂದು ನನಗನ್ನಿಸುತ್ತದೆ. ಕೈಬೆರಳಿನ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಮಾತ್ರ ಬೆಳೆಯುತ್ತದೆ. ಆದ್ದರಿಂದ ಪೆಟ್ಟಿನ ಗುರುತು ಚರ್ಮದ ಅಂಚನ್ನು ದಾಟಿ ಕಣ್ಣಿಗೆ ಬೀಳುವ ಹೊತ್ತಿಗೆ ವಾರಗಳೇ ಕಳೆದು, ಪೆಟ್ಟು ಮರೆತುಹೋಗಿರುತ್ತದೆ.

ಚುಕ್ಕೆ ಉಗುರಿನೊಂದಿಗೆ ಮುಂದೆ ಸರಿಯುತ್ತಿದೆಯೇ ಎಂಬುದನ್ನು ಗಮನಿಸಿ. ಸರಿಯುತ್ತಿದ್ದು, ಒಂದೆರಡು ಬೆರಳಿಗೆ ಸೀಮಿತವಾಗಿದ್ದರೆ ಚಿಂತೆ ಬೇಡ. ಸುಮಾರು 6 ತಿಂಗಳೊಳಗೆ ಅದು ತುದಿ ಸೇರಿ ಕತ್ತರಿಗೆ ಸಿಗುತ್ತದೆ. ಯಾವ ಮುಲಾಮೂ ಅದನ್ನು ಬೇಗ ಅಳಿಸಲಾರದು.

ಚುಕ್ಕೆಗಿಂತ ಭಿನ್ನವಾದ ಬಿಳುಪನ್ನು ಮಾತ್ರ ದಯವಿಟ್ಟು ಕಡೆಗಣಿಸಬೇಡಿ. ಹಲವು ಉಗುರುಗಳಲ್ಲಿ ಅಡ್ಡಲಾಗಿ ಜೋಡಿ ಬಿಳಿ ಪಟ್ಟೆಗಳಿದ್ದು, ಒತ್ತಿದಾಗ ಮಾಯವಾಗುತ್ತಿದ್ದರೆ ಮತ್ತು ಉಗುರು ಬೆಳೆದರೂ ಅಲ್ಲಿಯೇ ಉಳಿದರೆ, ರಕ್ತದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನ್ ಕಡಿಮೆಯಾಗಿರಬಹುದು. ಬಹುತೇಕ ಇಡೀ ಉಗುರೇ ಬೆಳ್ಳಗಾಗಿ ತುದಿಯಲ್ಲಷ್ಟೇ ಕೆಂಪು ಪಟ್ಟಿ ಉಳಿಯುವುದು ಯಕೃತ್ತಿನ ಕಾಯಿಲೆಯಲ್ಲಿ ಕಾಣುವುದುಂಟು. ಬುಡದ ಅರ್ಧ ಬಿಳಿ, ತುದಿಯ ಅರ್ಧ ಕಂದು ಎಂಬಂತಿರುವುದು ದೀರ್ಘಕಾಲದ ಮೂತ್ರಪಿಂಡದ ಕಾಯಿಲೆಯಲ್ಲಿ. ಕೆರೆದರೆ ಪುಡಿಯಾಗಿ ಉದುರುವ ಬಿಳುಪು ಶಿಲೀಂಧ್ರದ ಸೋಂಕಾಗಿರಬಹುದು; ಇದು ಕಾಲಿನ ಉಗುರಿನಲ್ಲಿ ಹೆಚ್ಚು. ಇಂಥವು ಕಂಡರೆ ಚರ್ಮವೈದ್ಯರಿಗೆ ತೋರಿಸಿ, ಮತ್ತು ಹೋಗುವ ಮುನ್ನ ಎಲ್ಲ ಬೆರಳುಗಳ ಉಗುರುಬಣ್ಣವನ್ನೂ ತೆಗೆದಿರಿ, ಏಕೆಂದರೆ ಎಷ್ಟು ಉಗುರುಗಳಲ್ಲಿ ಬದಲಾವಣೆಯಿದೆ ಎಂಬುದೂ ರೋಗನಿರ್ಣಯಕ್ಕೆ ಮುಖ್ಯವಾಗುತ್ತದೆ.