ಅಜೈಡ್ ನೀರನ್ನು ಇಟಿಪಿಗೆ ಬಿಡುವ ಮುಂಚೆ

ಲೋಸಾರ್ಟನ್, ವಾಲ್ಸಾರ್ಟನ್ ಅಂತ ಬಿಪಿ ಮಾತ್ರೆಗಳ ಮೇಲೆ ಓದಿರುತ್ತೀರಿ. ಇವುಗಳ ತಯಾರಿಕೆಯಲ್ಲಿ ಹೆಚ್ಚಾಗಿ ಸೋಡಿಯಂ ಅಜೈಡ್ ಎಂಬ ರಾಸಾಯನಿಕ ಬಳಸುತ್ತಾರೆ. ಕ್ರಿಯೆ ಪೂರ್ತಿಯಾಗಲಿ ಅಂತ ಸ್ವಲ್ಪ ಜಾಸ್ತಿಯೇ ಹಾಕುತ್ತಾರೆ. ಉಳಿದದ್ದು ಬ್ಯಾಚ್ ಮುಗಿದ ಮೇಲೆ ನೀರಿನ ಜೊತೆ ಹೊರಗೆ ಬರುತ್ತದೆ. ಈ ನೀರು ಕೊನೆಗೆ ಹೋಗುವುದು ಇಟಿಪಿಗೆ, ಅಂದರೆ ಕಾರ್ಖಾನೆಯ ತ್ಯಾಜ್ಯನೀರು ಶುದ್ಧೀಕರಿಸುವ ಘಟಕಕ್ಕೆ. ನೋಡೋಕೆ ಬರೀ ಉಪ್ಪುನೀರು.

ಅದಕ್ಕೆ ಆಸಿಡ್ ಬಿದ್ದರೆ ಹೈಡ್ರಜೋಯಿಕ್ ಆಮ್ಲ ಹುಟ್ಟುತ್ತದೆ. ಕುದಿಯುವುದು ಸುಮಾರು 37 ಡಿಗ್ರಿಗೆ, ಅಂದರೆ ಬೀದರಿನ ಬೇಸಿಗೆ ಬಿಸಿಲೇ ಸಾಕು. ಆವಿ ವಿಷ. ಮೇಲೇರಿ ತಣ್ಣನೆಯ ವೆಂಟ್ ಪೈಪಿನಲ್ಲಿ ಹನಿಗಟ್ಟಿದರೆ ಸಿಡಿಯುತ್ತದೆ. ತಾಮ್ರ, ಹಿತ್ತಾಳೆ, ಸೀಸ ತಾಗಿದರೆ ಇನ್ನೊಂದು ಫಜೀತಿ: ಪೈಪಿನೊಳಗೆ ಲೋಹದ ಅಜೈಡ್ ಪದರ ಕಟ್ಟುತ್ತದೆ. ಸೀಸದ ಅಜೈಡ್ ಡಿಟೋನೇಟರಿಗೆ ತುಂಬುವ ಮದ್ದು! ತಿಂಗಳುಗಟ್ಟಲೆ ಸುಮ್ನೆ ಇದ್ದದ್ದು ಫಿಟ್ಟರ್ ಸ್ಪ್ಯಾನರ್ ಹಾಕಿದ ದಿನ ಸಿಡಿಯಬಹುದು. ಲ್ಯಾಬ್ ಸಿಂಕಿನ ಪೈಪುಗಳ ಬಗ್ಗೆ ಕೆಲಸಗಾರರ ಸುರಕ್ಷತೆ ನೋಡುವ ಅಮೆರಿಕದ ನಿಯೋಶ್ ಸಂಸ್ಥೆ 1976ರಲ್ಲೇ ಹೀಗೆ ಎಚ್ಚರಿಸಿತ್ತು. ಡೈಕ್ಲೋರೋಮೀಥೇನ್ ದ್ರಾವಕ ಇರುವ ಡ್ರಮ್ಮಿಗಂತೂ ಈ ನೀರನ್ನು ಸೇರಿಸಲೇಬಾರದು. ಅಲ್ಲೂ ಸ್ಫೋಟಕವೇ ಹುಟ್ಟುತ್ತದೆ.

ಹಾಗಾದರೆ ವಿಲೇವಾರಿ ಹೇಗೆ? ಸೋಡಿಯಂ ನೈಟ್ರೈಟ್ ಹಾಕಿ ಅಜೈಡನ್ನು ಕೊಲ್ಲಬೇಕು. ಆದರೆ ಇದಕ್ಕೂ ಆಸಿಡ್ ಬೇಕೇ ಬೇಕು, ಅಲ್ವಾ? ಅದಕ್ಕೇ ಕ್ರಮ ಮುಖ್ಯ. ಮೊದಲು ಪೂರ್ತಿ ನೈಟ್ರೈಟ್, ಆಮೇಲೆ ತಣ್ಣಗೆ ಕಲಕುತ್ತಾ ನಿಧಾನಕ್ಕೆ ಆಸಿಡ್. ಅಜೈಡ್ ಒಡೆದು ನೈಟ್ರೋಜನ್ ಆಗುತ್ತದೆ. ಜೊತೆಗೆ ವಿಷದ ನೈಟ್ರೋಜನ್ ಆಕ್ಸೈಡುಗಳೂ ಏಳುತ್ತವೆ, ಆದ್ದರಿಂದ ಅನಿಲ ತೊಳೆಯುವ ಸ್ಕ್ರಬ್ಬರ್ ಓಡುತ್ತಿರಬೇಕು. ಕೊನೆಗೆ ಸ್ಟಾರ್ಚ್ ಅಯೋಡೈಡ್ ಕಾಗದ ನೀಲಿಯಾದರೆ ನೈಟ್ರೈಟ್ ಮಿಕ್ಕಿದೆ ಎಂದರ್ಥ. ನೀಲಿಯಾಗದಿದ್ದರೆ ಕೆಲಸ ಮುಗಿದಿಲ್ಲ.

ಇದನ್ನು ಎಲ್ಲಿ ಮಾಡುತ್ತೀರಿ ಎಂಬುದೂ ಅಷ್ಟೇ ಮುಖ್ಯ. 2018ರ ಜುಲೈನಿಂದ ಎಷ್ಟೋ ದೇಶಗಳಲ್ಲಿ ವಾಲ್ಸಾರ್ಟನ್ ಮಾತ್ರೆ ವಾಪಸ್ ತರಿಸಿಕೊಂಡರು. ಚೀನಾದ ಝೆಜಿಯಾಂಗ್ ಹುವಾಹೈ ಕಂಪನಿಯ ಸರಕಿನಲ್ಲಿ ಎನ್‌ಡಿಎಂಎ ಸಿಕ್ಕಿತ್ತು. ಇದು ಕ್ಯಾನ್ಸರ್ ತರಬಹುದಾದ ರಾಸಾಯನಿಕ. ಔಷಧ ಇನ್ನೂ ಜೊತೆಯಲ್ಲಿರುವಾಗಲೇ ಅಲ್ಲಿ ನೈಟ್ರೈಟ್ ಹಾಕುತ್ತಿದ್ದರು. ಡಿಎಂಎಫ್ ದ್ರಾವಕದಿಂದ ಬಂದ ಡೈಮೀಥೈಲ್ ಅಮೀನ್ ಅದರ ಜೊತೆ ಸೇರಿ ಎನ್‌ಡಿಎಂಎ ಆಯಿತು. ಸ್ಫೋಟವೇನೋ ತಪ್ಪಿತು, ವಿಷ ಮಾತ್ರೆಗೆ ಹೋಯಿತು. ಹಾಗಾಗಿ ಮೊದಲು ಔಷಧದ ಪದರ ಬೇರೆ ಮಾಡಿ. ಅಜೈಡ್ ನೀರನ್ನು ಬೇರೆ ರಿಯಾಕ್ಟರಿಗೆ ತೆಗೆದುಕೊಂಡು ಅಲ್ಲೇ ನೈಟ್ರೈಟ್ ಹಾಕಿ.

ಯಾವುದೇ ಪ್ಲಾಂಟಿಗೆ ಹೋದರೂ ನಾನು ಮೊದಲು ಬ್ಯಾಚ್ ಶೀಟ್ ಕೇಳುತ್ತೇನೆ. ಕಾಗದದ ಪರೀಕ್ಷೆ ಆಗಿದೆ ಅಂತ ಶಿಫ್ಟ್ ಇನ್‌ಚಾರ್ಜ್ ಸಹಿ ಹಾಕಲು ಜಾಗ ಇದೆಯಾ, ಇಟಿಪಿ ವಾಲ್ವ್ ತೆರೆದ ಸಮಯ ಆ ಸಹಿಗಿಂತ ಮುಂಚಿನದಾ ಅಂತ ನೋಡುತ್ತೇನೆ.