ಸಂಜೆ ಏಳರ ಅರ್ಧ ಗಂಟೆ ಯಾರಿಗೆ?

ಊರಿನವರಿಗಾಗಿ ಊರಿನವರೇ ಮಾತಾಡುವ ಸಮುದಾಯ ರೇಡಿಯೋ ಕೇಂದ್ರದಲ್ಲಿ ವೇಳಾಪಟ್ಟಿ ಹಾಕುವುದು ನನ್ನ ಕೆಲಸ. ಮೂರು ತಿಂಗಳಿಗೊಮ್ಮೆ ಸ್ವಸಹಾಯ ಸಂಘದವರು, ರೈತರ ಗುಂಪು, ಅಂಗವಿಕಲರ ಒಕ್ಕೂಟ, ಯುವಕ ಸಂಘ ಎಲ್ಲರೂ ಬಂದು ಕೂರುತ್ತಾರೆ. ಎಲ್ಲರೂ ಕೇಳುವುದು ಒಂದೇ, ಸಂಜೆ ಏಳಕ್ಕೆ ಶುರುವಾಗುವ ಅರ್ಧ ಗಂಟೆ.

ಕೇಳುವ ಹಕ್ಕು ಅವರಿಗಿದೆ. ಪ್ರಸಾರದ ಅಲೆಗಳು ಸಾರ್ವಜನಿಕರ ಸ್ವತ್ತು ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. 2002ರಲ್ಲಿ ಶಿಕ್ಷಣ ಸಂಸ್ಥೆಗಳಿಗೆ, 2006ರಲ್ಲಿ ಸೇವಾ ಸಂಸ್ಥೆಗಳಿಗೂ ರೇಡಿಯೋ ನಡೆಸಲು ಅವಕಾಶ ಸಿಕ್ಕಿತು. ಕೋಲಾರದ ಬೂದಿಕೋಟೆಯವರು ಅಷ್ಟು ದಿನ ಕಾಯಲಿಲ್ಲ. ಲೈಸೆನ್ಸಿಗೆ ಮೊದಲೇ ಕೇಬಲ್ ಎಳೆದು 'ನಮ್ಮ ಧ್ವನಿ' ಎಂಬ ತಮ್ಮ ರೇಡಿಯೋವನ್ನು ಮನೆಗಳಿಗೆ ಮುಟ್ಟಿಸಿದರು.

ಒಂದು ಊರಿನಲ್ಲಿ ಒಂದೇ ತರಂಗಾಂತರವಿದ್ದು ಹಲವು ಸಂಸ್ಥೆಗಳು ಅರ್ಜಿ ಹಾಕಿದರೆ ಕೇಂದ್ರ ಸರ್ಕಾರದ ಸಮಿತಿ ಆಯ್ಕೆ ಮಾಡುತ್ತದೆ. ಊರಲ್ಲಿ ಸಂಸ್ಥೆಗೆ ಇರುವ ಹೆಸರು, ಎಷ್ಟು ವರ್ಷ ಸೇವೆ ಮಾಡಿದೆ, ಹಣ ಹೇಗೆ ಹೊಂದಿಸುತ್ತದೆ ಎಂಬುದನ್ನೆಲ್ಲ ನೋಡುತ್ತದೆ. ಅನುಮತಿ ಸಿಕ್ಕವರು ಊರಿನ ಉಳಿದವರಿಗೆ ಮೈಕು ಹೇಗೆ ಹಂಚಬೇಕು? ಕನಿಷ್ಠ ಅರ್ಧದಷ್ಟು ಕಾರ್ಯಕ್ರಮ ಸ್ಥಳೀಯವಾಗಿ ತಯಾರಾಗಬೇಕು, ಸಲಹಾ ಸಮಿತಿಯಲ್ಲಿ ಕನಿಷ್ಠ ಅರ್ಧ ಹೆಂಗಸರಿರಬೇಕು ಎಂದು ನಿಯಮವಿದೆ. ಏಳು ಗಂಟೆ ಯಾರದ್ದು ಅಂತ ಯಾವ ನಿಯಮವೂ ಹೇಳುವುದಿಲ್ಲ.

ಮೊದಮೊದಲು ನಾನು ಸಮಪಾಲು ಮಾಡುತ್ತಿದ್ದೆ. ಪ್ರತಿ ಗುಂಪಿಗೆ ವಾರಕ್ಕೆ ಅರ್ಧ ಗಂಟೆ. ನ್ಯಾಯವೇ ಅಲ್ವಾ? ಆದರೆ ಓದಿದ ಹುಡುಗರಿದ್ದ ಯುವಕ ಸಂಘ ವಾರ ತಪ್ಪದೆ ಕಾರ್ಯಕ್ರಮ ತಂದುಕೊಟ್ಟಿತು. ಬೀಡಿ ಕಟ್ಟುವ ಹೆಂಗಸರ ಸಂಘ ಎರಡು ವಾರ ತಪ್ಪಿಸಿತು. ಆ ಜಾಗಕ್ಕೆ ನಾನು ಹಾಡು ಹಾಕಿದೆ. ಮೂರನೇ ವಾರ ಅವರು ಬರಲೇ ಇಲ್ಲ. ಮನೆಗೆ ಹೋಗಿ ಕೇಳಿದಾಗ ಒಬ್ಬರು ಎಲೆ ಕತ್ತರಿಸುತ್ತಲೇ ಹೇಳಿದರು, "ಮಾತಾಡೋಕೆ ನಾವಿದೀವಿ ಮೇಡಂ. ಬೇಡದ್ದನ್ನ ಕತ್ತರಿಸಿ ಜೋಡ್ಸೋರು ಯಾರು?"

ನಾನು ಪ್ರಸಾರದ ಹೊತ್ತನ್ನು ಹಂಚಿದ್ದೆ, ಕೆಲಸ ಮಾಡುವ ಕೈಗಳನ್ನು ಹಂಚಿರಲಿಲ್ಲ. ಅರ್ಧ ಗಂಟೆಯ ಕಾರ್ಯಕ್ರಮಕ್ಕೆ ಎಡಿಟಿಂಗ್ ಟೇಬಲ್ ಮುಂದೆ ಹೊಸಬರಿಗೆ ಒಂದಿಡೀ ದಿನ ಬೇಕು. ದಿನಗೂಲಿಯವರು ಆ ದಿನವನ್ನು ಎಲ್ಲಿಂದ ತರಬೇಕು? ಅದಕ್ಕೇ ಈಗ ಪ್ರಸಾರದ ಪಟ್ಟಿಗಿಂತ ಮೊದಲು ಎಡಿಟಿಂಗ್ ಪಟ್ಟಿ ಹಾಕುತ್ತೇವೆ. ಸ್ವಂತ ರೆಕಾರ್ಡರ್, ಲ್ಯಾಪ್‌ಟಾಪ್ ಇಲ್ಲದ ಗುಂಪಿಗೆ ನಮ್ಮ ಹುಡುಗಿಯೊಬ್ಬಳು ಜೊತೆಗಿರುತ್ತಾಳೆ. ಖಾಲಿ ಹೋದ ಸ್ಲಾಟನ್ನು ಸುಮ್ನೆ ಕಿತ್ತುಕೊಳ್ಳುವುದಿಲ್ಲ. ಯಾಕೆ ಖಾಲಿಯಾಯಿತು ಅಂತ ಮೊದಲು ಹೋಗಿ ಕೇಳುತ್ತೇವೆ.

ಇನ್ನೊಂದು ತೊಡಕು ದುಡ್ಡಿನದು. ಗಂಟೆಗೆ 12 ನಿಮಿಷ ಜಾಹೀರಾತು ಹಾಕಬಹುದು. 2024ರಲ್ಲಿ ಸರ್ಕಾರದ ಜಾಹೀರಾತಿನ ದರ 10 ಸೆಕೆಂಡಿಗೆ 74 ರೂಪಾಯಿ ಆಯಿತು. ಅಷ್ಟೂ ಹೊತ್ತು ಮಾರಾಟವಾದರೆ ಗಂಟೆಗೆ 5,328 ರೂಪಾಯಿ. ಹಾಗೆ ತುಂಬುವುದು ನಮ್ಮಂಥ ಕಡೆ ಕನಸು. ಹಾಗಾಗಿ ಪ್ರಾಜೆಕ್ಟ್ ಹಣವಿರುವ ದೊಡ್ಡ ಸಂಸ್ಥೆ ಬಂದು ಸಂಜೆಯ ಹೊತ್ತು ಕೇಳಿದಾಗ ಇಲ್ಲ ಅನ್ನುವುದು ಕಷ್ಟ. ಆದರೂ ಅನ್ನಬೇಕು. ದುಡ್ಡು ಕೊಟ್ಟು ಬರುವ ಕಾರ್ಯಕ್ರಮಕ್ಕೆ ಬೇರೆ ಯಾವ ಹೊತ್ತಾದರೂ ಸರಿ, ಏಳು ಗಂಟೆ ಮಾತ್ರ ಇಲ್ಲ. ಅದು ಗುಂಪುಗಳ ನಡುವೆ ಸರದಿಯಲ್ಲಿ ತಿರುಗುತ್ತದೆ.

ಯಾರಿಗೆ ಯಾವ ಹೊತ್ತು, ಯಾಕೆ ಎಂದು ಸ್ಟುಡಿಯೋ ಬಾಗಿಲ ಪಕ್ಕ ದೊಡ್ಡಕ್ಷರದಲ್ಲಿ ಬರೆದು ಅಂಟಿಸುತ್ತೇವೆ. ಕಾರಣ ಬರೆದ ಮೇಲೆ ಜಗಳ ಕಡಿಮೆಯಾಗಿಲ್ಲ, ಜಾಸ್ತಿಯೇ ಆಗಿದೆ. ನನಗೆ ಅದು ಇಷ್ಟ. ಮೊದಲು ಮನಸ್ಸಲ್ಲೇ ನುಂಗಿಕೊಂಡು ಹೋಗುತ್ತಿದ್ದವರು ಈಗ ನಿಂತು ಕೇಳುತ್ತಾರೆ.

ಕಳೆದ ಸಭೆಯಲ್ಲಿ ಬೀಡಿ ಕಟ್ಟುವ ಹೆಂಗಸರ ಸರದಿಗೆ ಏಳು ಗಂಟೆ ಬಂತು. ಅವರು ಬೇಡ ಎಂದರು, ಬೆಳಿಗ್ಗೆ ಹನ್ನೊಂದು ಕೊಡಿ ಎಂದರು. ಏಳಕ್ಕೆ ಮನೆಯಲ್ಲಿ ಒಲೆ, ಮಕ್ಕಳು, ಟೀವಿ. ಹನ್ನೊಂದಕ್ಕೆ ಎಲ್ಲರೂ ಜಗಲಿಯಲ್ಲಿ ಮೊರ ತೊಡೆಯ ಮೇಲಿಟ್ಟು ಕೂತಿರುತ್ತಾರೆ, ಪಕ್ಕದಲ್ಲಿ ರೇಡಿಯೋ.